ಎಲ್ಲರಿಗೂ ಬಂದ ರೀಡಿಂಗ್

ಎಲೆಕ್ಟ್ರಿಕಲ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು. ಲ್ಯಾಬ್ ಪರೀಕ್ಷೆಯಲ್ಲಿ ಫೇಲಾದ ಮಗಳನ್ನು ಬೆಳಿಗ್ಗೆ ವಾಚಾಮಗೋಚರ ಬೈದು, ಮೇಷ್ಟ್ರ ಕಾಲಾದರೂ ಹಿಡಿಯೋಣವೆಂದು ಬಂದಿದ್ದಳು. ಬಾಗಿಲ ಬಳಿ ಹಿರಿಯ ಮೇಷ್ಟ್ರೂ ಕಿರಿಯ ಮೇಷ್ಟ್ರೂ ಟೀ ಕುಡಿಯುತ್ತ ನಿಂತಿದ್ದರು. ಅವರಿಗೆ ಇವಳು ಲೆಕ್ಕಕ್ಕೇ ಇರಲಿಲ್ಲ.

“ಆ ಟೈಲರ್ ಮಗಳನ್ನ ಯಾಕೆ ಸಾರ್ ಫೇಲ್ ಮಾಡಿದ್ರಿ?” ಕಿರಿಯರು ಕೇಳಿದರು.

“ಮೋಟಾರ್ ರೀಡಿಂಗ್ ತಪ್ಪು ಕಣ್ರೀ. ಕ್ಲಾಸಿಗೆಲ್ಲ ಒಂದು ಬಂದ್ರೆ ಇವಳೊಬ್ಬಳಿಗೇ ಇನ್ನೊಂದು ಬಂದಿದೆ.”

“ಆ ಮೋಟಾರ್ ಕೆಟ್ಟು ಕೂತಿತ್ತಲ್ಲ ಸಾರ್?”

“ಅದಕ್ಕೇ ತಾನೇ ಎಲ್ಲರೂ ಸೀನಿಯರ್‌ಗಳದ್ದು ನೋಡಿ ಬರೆಯೋದು! ಈ ಮಹಾತಾಯಿ ಅದನ್ನ ರಿಪೇರಿ ಮಾಡಿ ಓಡಿಸಿಬಿಟ್ಟಿದ್ದಾಳೆ.”

“ಹಾಗಾದ್ರೆ ಅವಳದ್ದೇ ಸರಿಯಲ್ವಾ?”

“ಮೆತ್ತಗೆ ಮಾತಾಡಿ. ಅವಳದ್ದು ಸರಿ ಅಂದ್ರೆ, ಇಷ್ಟು ವರ್ಷ ನಾವು ಪಾಸ್ ಮಾಡಿದವರ ಗತಿ ಏನು?”

“ಈಗ ಮೋಟಾರ್ ಓಡ್ತಿದೆಯಾ?”

“ಇಲ್ಲಪ್ಪ, ವೈರ್ ಕೀಳಿಸಿದೀನಿ. ಇನ್ನೊಬ್ಬರು ಓಡಿಸಿಬಿಟ್ರೆ? ಯಾರಿಗೆ ಬೇಕು ಆ ತಲೆನೋವು!”

“ಆದ್ರೂ ಸಾರ್, ಇದು ಅನ್ಯಾಯ ಅಲ್ವಾ?”

“ನೀವೂ ಇಲ್ಲೇ ಓದಿದ್ದಲ್ವಾ? ನಿಮಗೆಷ್ಟು ಬಂದಿತ್ತು ರೀಡಿಂಗ್?”

ಕಿರಿಯರು ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು.

“ಎಲ್ಲರಿಗೂ ಬಂದಷ್ಟೇ ಸಾರ್.”

“ಹಾಂ, ನೋಡಿ, ಅದು ಸರಿಯಾದ ಉತ್ತರ.”

ಗಂಟೆ ಹೊಡೆಯಿತು. ಇಬ್ಬರೂ ಲೋಟ ಕೆಳಗಿಟ್ಟು ಪಾಠ ಮಾಡಲು ಹೋದರು. ಟೈಲರಮ್ಮ ಎದ್ದು ಮನೆ ಕಡೆ ಹೊರಟಳು. ಇನ್ನು ಕಾಲು ಹಿಡಿಯುವುದಿದ್ದರೆ ಮಗಳದ್ದೇ.