ಗಂಗಿಯ ಹಾಲು, ಚುಕ್ಕಿಯ ರೋಗ

ಬರೀ ಉಪದೇಶ ಹೇಳುತ್ತ ಹೋದರೆ ನಿಮಗೆ ಆಕಳಿಕೆ ಬರುತ್ತದೆ. ಅಗೋ, ಹಿಂದಿನ ಸಾಲಿನಲ್ಲಿ ಆಗಲೇ ಇಬ್ಬರು ಶುರು ಮಾಡಿದ್ದಾರೆ. ಇರಲಿ, ಒಂದು ಕಥೆ ಕೇಳಿ.

ಒಂದೂರಿಗೆ ಒಬ್ಬ ಸಾವುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೇ ಹೆಸರಿನವರು ಇಲ್ಲಿ ಯಾರಾದರೂ ಕುಳಿತಿದ್ದು, ನಾಳೆಯಿಂದ ಪ್ರವಚನಕ್ಕೆ ಬರುವುದನ್ನೇ ಬಿಟ್ಟಾರು. ಒಳ್ಳೆಯ ಮನುಷ್ಯ. ಕೊಡುಗೈ. ದುಶ್ಚಟ ಒಂದೂ ಇಲ್ಲ. ಆದರೆ ನೋಡಿ, ಒಂದೇ ಒಂದು ಚಿಂತೆ ಅವನಿಗೆ: ತನ್ನ ಮನೆಯ ಹುಳುಕು ಯಾರ ಕಣ್ಣಿಗೂ ಬೀಳಬಾರದು. ಅಂಚು ಸೀಳಿದ ರೊಟ್ಟಿ ಅತಿಥಿಯ ತಾಟಿಗೆ ಬೀಳುವ ಹಾಗಿಲ್ಲ. ಬೀಗರು ಬಂದರೆ ಕುಂಟುವ ಕರುವನ್ನು ಬಣವೆಯ ಹಿಂದೆ ಕಟ್ಟಿಸುತ್ತಿದ್ದ. ಕರು ಅಲ್ಲಿಂದಲೇ 'ಅಂಬಾ' ಎಂದರೆ ಇವನು ಇಲ್ಲಿ ಜೋರಾಗಿ ಕೆಮ್ಮುತ್ತಿದ್ದ!

ಅವನ ಕೊಟ್ಟಿಗೆಯಲ್ಲಿ ಎರಡು ಆಕಳು. ಒಂದು ಗಂಗಿ, ಇನ್ನೊಂದು ಚುಕ್ಕಿ. ಚುಕ್ಕಿಯ ಹಣೆಯ ಮೇಲೆ ಬಿಳಿ ಬೊಟ್ಟು. ಅವನ ತಾಯಿ ತೀರಿಕೊಳ್ಳುವ ಮುನ್ನ ಕೈಯಾರೆ ಹಾಲು ಕುಡಿಸಿ ಬೆಳೆಸಿದ ತಬ್ಬಲಿ ಕರು ಅದು. ಹೋಗುವಾಗ ಆ ತಾಯಿ ಹೊಲದ ಮಾತಾಡಲಿಲ್ಲ, ಬಂಗಾರದ ಮಾತಾಡಲಿಲ್ಲ. "ತಮ್ಮಾ, ಚುಕ್ಕೀನ ನೋಡ್ಕೋ" ಎಂದಳು, ಅಷ್ಟೇ. ದಿನಾ ಬೆಳಿಗ್ಗೆ ಚುಕ್ಕಿಯ ಕೊರಳು ತುರಿಸದೆ ಇವನು ಚಹಾ ಮುಟ್ಟುತ್ತಿರಲಿಲ್ಲ.

ಆ ಚುಕ್ಕಿಗೆ ಕೆಚ್ಚಲು ಬಾವು ಬಂತು. ಹಿಂದಿನ ಎಡ ಮೊಲೆ ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಸುಡುವ ಬಿಸಿ. ಹಾಲಿನ ಬದಲು ಹಳದಿ ನೀರು, ಹೆಪ್ಪುಗಟ್ಟಿದ ಗರಣೆ, ಒಂದೊಂದು ಎಳೆ ರಕ್ತ. ಊರಿನ ಪಶುವೈದ್ಯರು ಒಂದು ಸೂಜಿ ಮಾಡಿದರು. ಔಷಧ ಬದಲಿಸಿ ಇನ್ನೊಂದು ಮಾಡಿದರು. ಜಪ್ಪಯ್ಯ ಅಂದರೂ ಬಾವು ಇಳಿಯಲಿಲ್ಲ.

ಕೊನೆಗೆ ಅವರು ಪೇಟೆಯ ದಾರಿ ತೋರಿಸಿದರು. ಅಲ್ಲಿ ದನಗಳ ರೋಗದ ಮೇಲೆ ಸಂಶೋಧನೆ ನಡೆಸುವ ಒಂದು ಪ್ರಯೋಗಾಲಯ, ಅದಕ್ಕೊಬ್ಬ ಡಾಕ್ಟರಮ್ಮ. ಒಂದು ಒಡೆದರೆ ಇನ್ನೊಂದಿರಲಿ ಎಂದು ಆಕೆ ಶುದ್ಧ ಮಾಡಿದ ಎರಡು ಪುಟ್ಟ ಬಾಟಲಿ ಸಾವುಕಾರನ ಕೈಗಿಟ್ಟಳು.

"ಕೆಟ್ಟ ಮೊಲೀ ಹಾಲನ್ನ ಇದರಾಗ ಹಿಂಡಿ ಕಳಸ್ರಿ. ಅದರಾಗಿನ ರೋಗಾಣು ಇಲ್ಲಿ ಬೆಳಸ್ತೀವಿ. ಯಾವ ಔಷಧಕ್ಕ ಅದು ಸಾಯ್ತೈತಿ ಅಂತ ನೋಡ್ತೀವಿ. ಸೂಜಿ ಆಮ್ಯಾಲ."

ಮರುದಿನ ನಸುಕಿನಲ್ಲಿ, ಹಾಲು ಹಿಂಡುವ ಫಕೀರವ್ವ ಬಾಟಲಿ ತುಂಬಿಸಿ ತಂದಳು. ಸಾವುಕಾರ ಅದನ್ನು ಬೆಳಕಿಗೆ ಹಿಡಿದ. ಹಳದಿ ನೀರು, ಗರಣೆ, ನಾತ. ಬಾಟಲಿಯ ಮೇಲೆ ಯಾರ ಹೆಸರು ಬರೆದಿದೆ? ಇವನ ಹೆಸರು! ಇವನ ಅಪ್ಪನ ಹೆಸರು, ಮನೆತನದ ಹೆಸರು! ಪೇಟೆಯ ಓದಿದ ಮಂದಿ ಏನಂದಾರು? ಇದ್ದದ್ದನ್ನು ಬಚ್ಚಲಿಗೆ ಸುರಿದ. ಬಾಟಲಿ ತೊಳೆದ. ಗಂಗಿಯ ನೊರೆಹಾಲು ತುಂಬಿದ.

"ಅಯ್ಯ, ಸಾವ್ಕಾರ್ರ!" ಫಕೀರವ್ವ ಬಾಯಿಯ ಮೇಲೆ ಕೈಯಿಟ್ಟಳು. "ಬ್ಯಾನಿ ಚುಕ್ಕೀದು, ಹಾಲು ಗಂಗೀದು! ಇದೆಂಥಾ ನ್ಯಾಯರೀ?"

"ಸುಮ್ಕಿರ. ನಮ್ಮ ಮನಿಯಿಂದ ಇಂಥಾ ಹಾಲು ಯಾವತ್ತರ ಹೊರಗ ಹೋಗೇತೇನು?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಇವನು ಕಣ್ಣು ಮುಚ್ಚಿ ಹಾಲು ಕಳಿಸಿದ.

ಮೂರನೆಯ ದಿನ ವರದಿ ಬಂತು. 'ರೋಗಾಣು ಇಲ್ಲ. ಹಾಲು ಉತ್ತಮವಾಗಿದೆ.' ಸಾವುಕಾರ ಹಿಗ್ಗಿ ಹೀರೇಕಾಯಿಯಾದ. ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತೋರಿಸಿದ. ತೋರಿಸುತ್ತ ತೋರಿಸುತ್ತ, ನೋಡಿ ಮನುಷ್ಯನ ಮಾಯೆ, ತಾನೇ ಅದನ್ನು ನಂಬಿಬಿಟ್ಟ! ಮೇವು ಬಿಟ್ಟು ಮಲಗಿದ್ದ ಚುಕ್ಕಿಯ ಮುಂದೆ ಹೋಗಿ ನಿಂತು, ಕನ್ನಡಕ ಹಾಕಿಕೊಂಡು ಕಾಗದ ಓದಿದ. "ಇಲ್ಲಿ ಕೇಳ ಚುಕ್ಕೀ, ನಿನಗ ಏನೂ ಆಗಿಲ್ಲಂತ. ಏಳು."

ನಗುತ್ತೀರಾ? ನಗಿ, ನಗಿ. ನಿಮ್ಮ ಸರದಿ ಆಮೇಲೆ ಬರುತ್ತದೆ.

ಚುಕ್ಕಿ ಏಳಲು ನೋಡಿತು. ಸಂಕಟ ಇರುವುದೇ ಅಲ್ಲಿ. ಅವನ ಮಾತು ಎಂದೂ ಮೀರಿದ ದನವಲ್ಲ ಅದು. ಮುಂಗಾಲು ಊರಿತು, ಹಿಂಗಾಲು ಎತ್ತಲಾಗದೆ ನರಳಿ ಮತ್ತೆ ಕುಸಿಯಿತು. ಕೈಯಲ್ಲಿ 'ಉತ್ತಮ' ಎಂದು ಬರೆದ ಕಾಗದ, ಕಾಲ ಬಳಿ ತಾಯಿ ಒಪ್ಪಿಸಿ ಹೋದ ಜೀವ. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಚುಕ್ಕಿಯನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಆಗ ಅವನಿಗೆ ತಿಳಿಯಿತು. ಬಿಳಿ ಧೋತರದಲ್ಲಿ ಸಗಣಿಯ ಮೇಲೆಯೇ ಕುಳಿತು ಅತ್ತ.

ಆಮೇಲೆ ಎರಡನೆಯ ಬಾಟಲಿ ತರಿಸಿದ. ಫಕೀರವ್ವ ಹೇಳಿಕೊಟ್ಟಂತೆ ಮೊಲೆ ತೊಳೆದು, ತಾನೇ ಹಿಂಡಿದ. ತಾನೇ ಬಸ್ಸು ಹತ್ತಿದ. ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ನಿಂತ.

"ಅವತ್ತು ಕಳಿಸಿದ್ದು ಬ್ಯಾರೆ ಆಕಳ ಹಾಲ್ರೀ. ಮನಿ ಮರ್ಯಾದಿ ಹೋಗ್ತೈತಿ ಅಂತ ಹಂಗ ಮಾಡಿದ್ನಿ. ತಪ್ಪಾತು."

ಆಕೆ ಬೈಯಲಿಲ್ಲ, ನಕ್ಕಳು. "ಯಜಮಾನ್ರ, ಛಲೋ ಹಾಲು ತಂದು ಕೊಡಾಕ ಇದೇನು ಡೇರಿ ಏನ್ರೀ? ಇಲ್ಲಿಗೆ ಕೆಟ್ಟದ್ದ ಬರಬೇಕು. ಕೆಟ್ಟದ್ದು ಕಂಡ್ರ ತಾನ ನಾವು ಔಷಧ ಹುಡುಕೋದು?"

ಎರಡು ದಿನ ಬಿಟ್ಟು ಕರೆಸಿ ಒಂದು ಗಾಜಿನ ತಟ್ಟೆ ತೋರಿಸಿದಳು. ತಟ್ಟೆಯ ತುಂಬ ಮಂಜು ಕವಿದಂತೆ ರೋಗಾಣು. ಅದರ ಮೇಲೆ ಬೇರೆ ಬೇರೆ ಔಷಧದಲ್ಲಿ ಅದ್ದಿದ ಆರು ಪುಟ್ಟ ಕಾಗದದ ಬಿಲ್ಲೆ. ಐದು ಬಿಲ್ಲೆಗಳನ್ನು ರೋಗಾಣು ಅಂಜದೆ ಮುತ್ತಿತ್ತು. ಆರನೆಯದರ ಸುತ್ತ ಮಾತ್ರ ಸ್ವಚ್ಛ ಬಯಲು, ರಂಗೋಲಿಗೆ ಸಾರಿಸಿಟ್ಟ ಅಂಗಳದಂತೆ.

"ಮಣ್ಣಾಗಿನ ಒಂದು ಸೂಕ್ಷ್ಮಜೀವಿ ತಯಾರಿಸೋ ರಸದಿಂದ ಬಂದ ಔಷಧ ಇದು" ಎಂದಳು. "ನಿಮ್ಮ ಚುಕ್ಕಿಗೆ ಇದ ಆಗಬೇಕು."

ಮಣ್ಣು! ಚಪ್ಪಲಿಗೆ ಅಂಟಿದರೆ ಇವನು ಬಾಗಿಲಲ್ಲೇ ಝಾಡಿಸಿ ಬರುತ್ತಿದ್ದ ಮಣ್ಣು.

ಹೇಳಿದಷ್ಟು ದಿನ, ಒಂದು ದಿನವೂ ತಪ್ಪಿಸದೆ ಔಷಧ ಕೊಡಿಸಿದ. ನಾಲ್ಕನೆಯ ದಿನ ಚುಕ್ಕಿ ಎದ್ದು ನಿಂತು ಮೇವಿನ ಗೋದಲಿಗೆ ಮೋರೆ ಹಾಕಿತು. ಅವನ ಮನೆಯಲ್ಲಿ ಅಂದು ಹೋಳಿಗೆ! ಆ ಒಂದು ಮೊಲೆ ಬತ್ತಿಹೋಯಿತು, ಜೀವ ಉಳಿಯಿತು. ಮುಂದಿನ ಸಲ ಬೀಗರು ಬಂದಾಗ ಸಾವುಕಾರ ಯಾವ ಕರುವನ್ನೂ ಬಣವೆಯ ಹಿಂದೆ ಕಟ್ಟಿಸಲಿಲ್ಲ. ತಾನೇ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಚುಕ್ಕಿಯ ಬೆನ್ನು ಸವರುತ್ತ ಹೇಳಿದ: "ಇದಕ್ಕ ಮೂರ ಮೊಲೀ ಹಾಲು. ನಾಲ್ಕನೇದು ನನ್ನ ಡೌಲಿಗೆ ಹೋತು."

ಈಗ ಬಂತು ನಿಮ್ಮ ಸರದಿ. ಇಲ್ಲಿ ಮಠಕ್ಕೆ ಬರುವಾಗ ನೀವು ಯಾವ ಹಾಲು ತರುತ್ತೀರಿ? "ಅಪ್ಪಾರ, ಸೋಮವಾರ ಉಪವಾಸ ಮಾಡ್ತೀನ್ರಿ, ದಾಸೋಹಕ್ಕ ಜ್ವಾಳ ಕೊಟ್ಟೀನ್ರಿ" ಎನ್ನುತ್ತೀರಿ. ಗಂಗಿಯ ಹಾಲು! ಸಂತೋಷ. ಆದರೆ ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತಲ್ಲ, ಅದು ಯಾವ ಬಾಟಲಿಯಲ್ಲಿದೆ? ಸೊಸೆಗೆ ನಾಲ್ಕು ಜನರೆದುರು ಆಡಿದ ಮಾತು? ಆಸ್ಪತ್ರೆಗೆ ಹೋದರೂ ಅಷ್ಟೇ. "ಕುಡೀತಿ ಏನಪಾ?" ಎಂದು ಕೇಳಿದರೆ "ಇಲ್ರೀ" ಎನ್ನುತ್ತೀರಿ. ಪಾಪ, ಡಾಕ್ಟರು ಗಂಗಿಗೆ ಔಷಧ ಬರೆದುಕೊಡುತ್ತಾರೆ. ನರಳುವುದು ಮಾತ್ರ ಚುಕ್ಕಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ದೊಡ್ಡದೇನಲ್ಲ. ಮುಚ್ಚಿಟ್ಟ ತಪ್ಪುಗಳಲ್ಲಿ ಒಂದನ್ನು, ಒಂದೇ ಒಂದನ್ನು, ಯಾರಿಗೆ ಹೇಳಬೇಕೋ ಅವರ ಮುಂದೆ ಕುಳಿತು ಹೇಳಿ. 'ನಂದು ತಪ್ಪಾತು' ಎಂಬ ಮಾತಿಗೆ ನಾಲಿಗೆ ತಿರುಗದಿದ್ದರೆ ದಾರಿಯುದ್ದಕ್ಕೂ ರೂಢಿ ಮಾಡಿಕೊಳ್ಳುತ್ತ ಹೋಗಿ. ಡಾಕ್ಟರ ಮುಂದೆ ರೋಗ ಹೇಳಿ, ಮನೆಯವರ ಮುಂದೆ ತಪ್ಪು ಹೇಳಿ. ನಾಳೆ ದೇವರ ಮುಂದೆ ಕೈಮುಗಿದು ನಿಂತಾಗಲೂ ಗಂಗಿಯ ಹಾಲನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅವನೇನು ಡೇರಿ ಇಟ್ಟಿಲ್ಲ. ಕೆಟ್ಟ ಮೊಲೆಯ ಹಾಲನ್ನೇ ತನ್ನಿ.