ಲುವಾನ್ ಮುದುಕನ ಕೊನೆಯ ಬುಡ್ಡಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಪಕ್ಕದ ಮನೆಯ ಮೌ ದೆಶಾನನಿಗೆ ಆದದ್ದು ಇದು…

ದೆಶಾನ ನಶ್ಯದ ಬುಡ್ಡಿ ಕೆತ್ತುವವನು. ಬಿಳಿ ಗಾಜಿನ ಮೇಲೆ ಕೆಂಪು ಗಾಜಿನ ಪದರ ಇರುತ್ತದಲ್ಲ, ಆ ಕೆಂಪನ್ನು ಚಕ್ರಕ್ಕೆ ಹಿಡಿದು ಸವೆಸಿ ಸವೆಸಿ ಮೀನುಗಳ ಚಿತ್ರವನ್ನಷ್ಟೇ ಉಳಿಸಬೇಕು. ಈ ಒಂದು ಬುಡ್ಡಿಗೇ ಚಳಿಗಾಲವೆಲ್ಲ ಹೋಗಿತ್ತು. ಗಾಜು ಊದಿದವನು ಲುವಾನ್ ಮುದುಕ. ಮುಂದಿನ ಹಲ್ಲೊಂದಿಲ್ಲದ ಆಸಾಮಿ. ಇದನ್ನು ಊದಿ ಮುಗಿಸಿದವನು ಕುಲುಮೆಯ ಮುಂದೆಯೇ ಕುಸಿದ. ಮತ್ತೆ ಉಸಿರೆಳೆಯಲಿಲ್ಲ.

ಊದಿದವನು ಸತ್ತರೆ ಅವನ ಬುಡ್ಡಿಗೆ ವರ್ಷ ತುಂಬುವವರೆಗೆ ಬಿರಡೆ ಹಾಕಬಾರದು ಅಂತ ನಮ್ಮ ಓಣಿಯ ಹಿರಿಯರು ಹೇಳುತ್ತಿದ್ದರು. ದೆಶಾನ ನಕ್ಕುಬಿಟ್ಟ. ಬೆಳಗಾದರೆ ಕೊಳ್ಳುವವರು ಬರುತ್ತಾರೆ. ಬೆಂಡಿನ ಬಿರಡೆಯನ್ನು ಅಂಗೈಯಿಂದ ಒತ್ತಿ ಕೂರಿಸಿದ. ಬುಡ್ಡಿಯನ್ನು ಎದೆಯ ಬಳಿ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಹೊರಟ.

ದಾರಿಯಲ್ಲಿ ಪಾಳುಬಾವಿ. ಗಾಳಿಯಿಲ್ಲ. ಬಾವಿ ದಾಟುವಾಗ ಎದೆಯ ಹತ್ತಿರ… ಕಿರ್. ಕಿರ್. ಇಲಿ ಏನನ್ನೋ ಕಡಿದ ಹಾಗೆ. ನಿಂತ. ಸದ್ದೂ ನಿಂತಿತು. ನಡೆದ… ಕಿರ್.

ಆಮೇಲೆ ಉಸಿರು ಕಟ್ಟತೊಡಗಿತು. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎದೆ ತಿದಿಯ ಹಾಗೆ ಉಬ್ಬುತ್ತಲೇ ಇದೆ. ಎದ್ದೆನೋ ಬಿದ್ದೆನೋ ಅಂತ ಓಡಿ ಬಾಗಿಲು ಬಡಿದ.

"ಏನ್ರೀ ಇದು, ಮುಖ ಯಾಕೆ ನೀಲಿಗಟ್ಟಿದೆ?" ಅಂದಳು ಹೆಂಡತಿ ಚಿಯೌ.

ಅವನು ಬುಡ್ಡಿ ತೆಗೆದು ಬಿರಡೆ ಎಳೆದ. ಜಪ್ಪಯ್ಯ ಅಂದರೂ ಬರಲಿಲ್ಲ. ಒಳಗೆ… ಖುಳ್. ಖುಳ್ ಖುಳ್. ಆ ಕೆಮ್ಮು ಅವನಿಗೆ ಗೊತ್ತು. ಕುಲುಮೆಯ ಕಡೆಯಿಂದ ದಿನಾ ಕೇಳುತ್ತಿದ್ದ ಕೆಮ್ಮು.

"ಒಳಗೆ… ಲುವಾನ್…" ಪಿಸುಗುಟ್ಟಿದ.

"ಒಡೀರಿ."

"ಚಳಿಗಾಲವೆಲ್ಲ… ಕೆತ್ತಿದ್ದೀನಿ ಕಣೇ…"

"ಹೆಣದ ಕೈಯಲ್ಲಿಟ್ಟು ಹೂಳಲಾ? ಕೊಡಿ ಇಲ್ಲಿ."

ಕೊಡಬೇಕು ಅಂತ ಅವನಿಗೂ ಇತ್ತು. ಬೆರಳು ಬಿಚ್ಚಲಿಲ್ಲ. ಸಾಯುವುದಕ್ಕೂ ಹೆದರಿಕೆ, ಬಿಡುವುದಕ್ಕೂ ಸಂಕಟ. ಕಣ್ಣು ಮೇಲೆ ಸಿಕ್ಕಿಕೊಂಡಿತು.

ಚಿಯೌ ಬೆಳ್ಳುಳ್ಳಿ ಜಜ್ಜುವ ಕಲ್ಲು ತಂದು, ಅವನ ಕೈಯನ್ನು ನೆಲಕ್ಕೊತ್ತಿ, ಬೆರಳು ಬುಡ್ಡಿ ಅನ್ನದೆ ಒಂದೇ ಏಟು ಹಾಕಿದಳು.

ಟಳ್…

ಆಮೇಲೆ ಉದ್ದಕ್ಕೆ, ನಿಧಾನಕ್ಕೆ… ಹೂ…… ದೀಪ ಆರಿತು. ಕೋಣೆಯೆಲ್ಲ ಕುಲುಮೆಯ ಬಿಸಿ. ಕತ್ತಲಲ್ಲಿ ದೆಶಾನನ ಕಟ್ಟಿದ್ದ ಉಸಿರೂ ಸಡಿಲವಾಯಿತು. ಅವನು ಅತ್ತ. ಜೀವ ಉಳಿದದ್ದಕ್ಕೋ, ಮೀನು ಹೋದದ್ದಕ್ಕೋ, ಅವನಿಗೇ ತಿಳಿಯದು.

ಬೆಳಿಗ್ಗೆ ಚಿಯೌ ಚೂರು ಗುಡಿಸಿದಳು. ಬಿರಡೆ ಮಾತ್ರ ಇಡಿಯಾಗಿತ್ತು. ಈಗಲೂ ಅವರ ಮನೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ, ನನಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಬುಡ್ಡಿಯೊಳಗೆ ಇಳಿದಿದ್ದ ತುದಿಯಲ್ಲಿ ಹಲ್ಲಿನ ಗುರುತುಗಳಿವೆ. ಸಣ್ಣವು, ಸಾಲಾಗಿ… ಮುಂದುಗಡೆ ಒಂದು ಹಲ್ಲಿನಷ್ಟು ಜಾಗ ಖಾಲಿ.