ಹಗ್ಗ ಬಿಟ್ಟ ಕೈ

ಬಾಗಿಲು ಹಾಕಬೇಡ ಅಕ್ಕು... ಒಂದು ನಿಮಿಷ. ಒಳಗೆ ಬರುವುದಿಲ್ಲ, ಇಲ್ಲೇ ನಿಲ್ತೇನೆ. ಫಳ್ನೀರಿಂದ ಬಿಸಿಲಲ್ಲಿ ನಡ್ಕೊಂಡೇ ಬಂದೆ. ನಿನ್ನ ಗಂಡ ನೋಣಯ್ಯ ತೀರಿಹೋಗಿ ಒಂಬತ್ತು ದಿನ ಆಯ್ತು, ಈ ಇಸಿದೋರ್ ಮೇಸ್ತ್ರಿ ಮುಖ ತೋರಿಸಲಿಲ್ಲ ಅಂತ ಬೈದಿರಬಹುದು ನೀನು. ಬೈ!

ಈ ಕಾಗದ ನೋಡು. ಹಂಚಿನ ಕಾರ್ಖಾನೆಯ ಧಣಿ ಕೊಟ್ಟದ್ದು. ಒಂದು ಹೆಬ್ಬೆಟ್ಟು ಒತ್ತಿದರೆ ಆಯ್ತು ಮಾರಾಯ್ತಿ. ಎಂತ ಬರೆದದ್ದಾ? ಹಸಿ ಹಂಚು ಅಟ್ಟಕ್ಕೆ ಏರಿಸುವಾಗ ನೋಣಯ್ಯ ತಾನೇ ರಾಟೆಯ ಹಗ್ಗ ಬಿಟ್ಟ, ಹಂಚು ತುಂಬಿದ ಹಲಗೆ ಅವನ ತಲೆ ಮೇಲೆಯೇ ಬಿತ್ತು, ಬೇರೆ ಯಾರ ತಪ್ಪೂ ಇಲ್ಲ ಅಂತ. ನಿಜವೇ ಅಲ್ಲವಾ? ಬಿಟ್ಟದ್ದು ಅವನೇ. ನಾನು ಹಗ್ಗ ಮುಟ್ಟಲೂ ಇಲ್ಲ! ನೀನು ಒತ್ತದಿದ್ದರೆ ನನ್ನ ಕೆಲಸ ಹೋಗ್ತದೆ ಅಕ್ಕು.

ಹಾಗೆ ನೋಡಬೇಡ. ಅವತ್ತು ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೀತು, ಅಷ್ಟೇ. ಗಂಟೆ ಹೊಡೆದರೆ ನಮ್ಮ ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಕೈ ಮುಗಿಯಬೇಕು. ಅದು ನಾನು ಮಾಡಿದ ಕಟ್ಟಳೆ. ಹಿಂದೂ ಇರಲಿ, ಬ್ಯಾರಿ ಇರಲಿ... ದೇವರ ಹೆಸರಲ್ಲಿ ಒಂದು ನಿಮಿಷ ನಿಂತರೆ ಎಂತ ನಷ್ಟ? ಒಳ್ಳೆಯದಕ್ಕೇ ಮಾಡಿದ್ದು, ದೇವರಾಣೆ! ಎಲ್ಲರೂ ಖುಷಿಯಿಂದಲೇ ಮುಗೀತಿದ್ದರು...

ಎಂತಕ್ಕೆ ತಲೆ ಅಲ್ಲಾಡಿಸ್ತೀ?

ಅವನು ಮನೆಯಲ್ಲಿ ಹೇಳಿದ್ದನಾ? ಹಿಂದಿನ ದಿನದ್ದು? ಹೂಂ ಅಂತೀಯಾ? ಹೇಳಿದ್ದ. ಗೊತ್ತಾಯ್ತು. ಹೌದು, ಹಿಂದಿನ ದಿನ ಅವನು ಕೈ ಮುಗಿಯಲಿಲ್ಲ. ಹಗ್ಗ ಕೈಯಲ್ಲಿತ್ತು, ಹೇಗೆ ಮುಗೀತಾನೆ ಪಾಪ? ನಾನು ಎಲ್ಲರೆದುರು ಬೈದೆ. ನಾಳೆಯೂ ಹೀಗೆ ಮಾಡಿದರೆ ಕೆಲಸಕ್ಕೆ ಬರಬೇಡ ಅಂದೆ. ಹದಿನಾಲ್ಕು ವರ್ಷ ನನ್ನೊಟ್ಟಿಗೆ ದುಡಿದವನಿಗೆ... ಯೇಸುವೇ, ಎಂಥ ಬಾಯಿ ನನ್ನದು!

ಎಂತ ಮಾಡ್ತೀ? ಬೆರಳು ಚಾಚಬೇಡ. ಬೇಡ ಅಕ್ಕು, ಹೆಬ್ಬೆಟ್ಟು ಬೇಡ. ನೀನು ಹೀಗೆ ಸುಮ್ಮನೆ ಒತ್ತಿ ಕೊಟ್ಟರೆ ನಾನು ಎಲ್ಲಿಗೆ ಹೋಗಲಿ?

ಇನ್ನೂ ಒಂದು ಉಂಟು. ಪಾದ್ರಿಯ ಹತ್ತಿರ ಪಾಪನಿವೇದನೆಗೆ ಮೊಣಕಾಲೂರಿದಾಗಲೂ ಬಾಯಿಗೆ ಬರಲಿಲ್ಲ. ಮರುದಿನ ಗಂಟೆ ಹೊಡೆದ ಕೂಡಲೇ ಅವನು ಕೈ ಮುಗಿಯಲು ಹಗ್ಗ ಬಿಟ್ಟದ್ದಲ್ಲ. ತಲೆ ಎತ್ತಿ ಹಲಗೆಯನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ... ಬಿಡಲಾ ಅಂತ ಕೇಳುವ ಹಾಗೆ.

ನಾನು ಕಣ್ಣು ಕೆಕ್ಕರಿಸಿದೆ.